ಬೆಳಗಬೇಕಾದ ತಾಮ್ರ, ಬೆಳಗಬಾರದ ತಾಮ್ರ

ದೀಪಾವಳಿಯ ನೀರು ತುಂಬುವ ಹಬ್ಬವೆಂದರೆ ಬಚ್ಚಲುಮನೆಯ ತಾಮ್ರದ ಹಂಡೆಗೆ ವರ್ಷಕ್ಕೊಮ್ಮೆ ಬರುವ ಮರ್ಯಾದೆ. ಹೊಗೆ ಹಿಡಿದು ಕಪ್ಪಾದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಾರೆ. ಮಲೆನಾಡಿನ ಕಡೆ ಅದರ ಕೊರಳಿಗೆ ಹಿಂಡಲೆ ಬಳ್ಳಿಯನ್ನೂ ಸುತ್ತುತ್ತಾರೆ. ಪಾತ್ರೆ ತಿಕ್ಕುವುದಕ್ಕೆ ಕನ್ನಡದಲ್ಲಿ ‘ಬೆಳಗು’ ಎಂಬ ಮಾತೂ ಇದೆ. ದೀಪಕ್ಕೂ ಅದೇ ಮಾತು, ಪಾತ್ರೆಗೂ ಅದೇ ಮಾತು.

ತಾಮ್ರವನ್ನು ಹುಳಿಯಿಂದ ಬೆಳಗುವ ಪದ್ಧತಿ ಬಹು ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳ ಶುದ್ಧಿಗೆ ಕ್ಷಾರ, ಆಮ್ಲ ಮತ್ತು ನೀರನ್ನು ಯಥಾಯೋಗ್ಯವಾಗಿ ಬಳಸಬೇಕೆಂಬ ವಿಧಿ ಇದೆ. ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ ಕ್ಷಾರವೆಂದರೆ ಬೂದಿ, ಆಮ್ಲವೆಂದರೆ ಹುಳಿ.

ಇದರ ಹಿಂದಿನ ರಸಾಯನ ಸರಳವಾದುದು. ಹೊಸ ತಾಮ್ರದ ಬಣ್ಣ ನಸುಗೆಂಪು. ಗಾಳಿಯ ಆಮ್ಲಜನಕ ತಾಗಿದೊಡನೆ ಅದರ ಮೇಲೆ ಕೆಂಗಂದು ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಕಾಲ ಕಳೆದಂತೆ, ಬೆಂಕಿಯ ಕಾವು ತಗುಲಿದಂತೆ ಅದು ಕಪ್ಪಾಗುತ್ತದೆ. ತೇವವೂ ಇಂಗಾಲದ ಡೈಆಕ್ಸೈಡೂ ಸೇರಿದರೆ ಹಸಿರು ಕಾರ್ಬೊನೇಟ್ ಹುಟ್ಟುತ್ತದೆ. ನಾವು ಕಿಲುಬು ಎನ್ನುವುದು ಇದನ್ನೇ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಈ ಪೊರೆಗಳನ್ನು ಕರಗಿಸುತ್ತದೆ, ಒಳಗಿನ ಲೋಹಕ್ಕೆ ಅಷ್ಟು ಬೇಗ ಕೈಹಾಕುವುದಿಲ್ಲ. ನಿಂಬೆಯ ಸಿಟ್ರಿಕ್ ಆಮ್ಲದ್ದೂ ಇದೇ ಕೆಲಸ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ, ಅದರ ನುಣ್ಣನೆಯ ಕಣಗಳು ಉಜ್ಜುತ್ತವೆ. ಹುಳಿಯ ಅಂಶ ಉಳಿಯದಂತೆ ತೊಳೆದು ಒರೆಸಿಡದಿದ್ದರೆ ಮಾತ್ರ ಹೊಳಪು ಮಾರನೆಯ ದಿನಕ್ಕೇ ಮಾಸುತ್ತದೆ.

ಹುಳಿಗೆ ತಾಮ್ರದ ಲವಣಗಳನ್ನು ಕರಗಿಸುವ ಗುಣವಿರುವುದರಿಂದಲೇ ತಾಮ್ರದ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಇಡಬಾರದು ಎಂದು ಹಿರಿಯರು ಹೇಳುತ್ತಿದ್ದುದು. ಅಡಿಗೆಯ ಪಾತ್ರೆಗೆ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ತವರವನ್ನು ಬಟ್ಟೆಯಿಂದ ಸವರಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಹಾಗಾದರೆ ಕಿಲುಬು ಯಾವಾಗಲೂ ಶತ್ರುವೇ? ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. 1886ರಲ್ಲಿ ಅನಾವರಣಗೊಂಡಾಗ ಆ ಪ್ರತಿಮೆ ತಾಮ್ರವರ್ಣದ್ದಾಗಿತ್ತು. ಅದರ ತಾಮ್ರದ ತಗಡಿನ ದಪ್ಪ ಸುಮಾರು 2.4 ಮಿಲಿಮೀಟರ್ ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಹಸಿರು ಆವರಿಸತೊಡಗಿದಾಗ, 1906ರಲ್ಲಿ, ಪ್ರತಿಮೆಗೆ ಬಣ್ಣ ಬಳಿಯುವ ಮಾತು ಬಂತು. ಜನ ವಿರೋಧಿಸಿದರು. ಈ ಹಸಿರು ಪೊರೆ ಒಳಗಿನ ತಾಮ್ರಕ್ಕೆ ರಕ್ಷಣೆಯೇ ಆಗಿದೆ ಎಂದು ಪರಿಶೀಲಿಸಿದ ಸೇನಾ ಎಂಜಿನಿಯರುಗಳು ಕಂಡುಕೊಂಡರು. ಹೊರಮೈಗೆ ಬಣ್ಣ ಬಳಿಯಲಿಲ್ಲ. ಬಿಗಿಯಾಗಿ ಅಂಟಿಕೊಂಡ ಈ ಪೊರೆ ಗಾಳಿ ನೀರುಗಳನ್ನು ಒಳಕ್ಕೆ ಬಿಡದೆ ಸವೆತವನ್ನು ನಿಧಾನಗೊಳಿಸುತ್ತದೆ.

ಈ ವಿವೇಕ ನಮಗೆ ಅತ್ಯಗತ್ಯವಾಗುವುದು ತಾಮ್ರಶಾಸನಗಳ ವಿಷಯದಲ್ಲಿ. ಕದಂಬರಿಂದ ವಿಜಯನಗರದವರೆಗೆ ನಮ್ಮ ಅರಸರು ಭೂದಾನಗಳನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸಿ ಕೊಟ್ಟರು. ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ಮುದ್ರೆ ಒತ್ತುತ್ತಿದ್ದರು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ. ಅಕ್ಷರಗಳು ಒಂದಕ್ಕೊಂದು ಉಜ್ಜಿ ಸವೆಯದಿರಲೆಂದು ಎಷ್ಟೋ ಹಲಗೆಗಳ ಅಂಚನ್ನು ಉಬ್ಬಿಸಿರುವುದನ್ನು ನೋಡಿದರೆ, ಕೊರೆದವರಿಗೂ ಸವೆತದ ಭಯವಿತ್ತು ಎಂಬುದು ತಿಳಿಯುತ್ತದೆ. ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಕಲ್ಬರಹಗಳ ಜೊತೆಗೆ ಇಂಥ ತಾಮ್ರಪಟಗಳೂ ಇವೆ. ಅವುಗಳಲ್ಲಿ ಎಷ್ಟೋ ಮಠಗಳಲ್ಲಿ, ಮನೆಗಳ ಪೆಟ್ಟಿಗೆಗಳಲ್ಲಿ ಉಳಿದು ಬಂದವು.

ಇಂಥ ಹಲಗೆ ಸಿಕ್ಕಾಗ ಓದಲು ಅನುಕೂಲವಾಗಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಸಹಜವಾಗಿ ಹೊಳೆಯುವ ಉಪಾಯ. ಆದರೆ ಅದೇ ದೊಡ್ಡ ಅಪಾಯ. ನೂರಾರು ವರ್ಷ ಕಳೆದ ತಾಮ್ರದಲ್ಲಿ ಮೇಲ್ಮೈಯ ಲೋಹವೇ ಕಿಲುಬಾಗಿ ಮಾರ್ಪಟ್ಟಿರುತ್ತದೆ. ಹಲವು ವೇಳೆ ಮೂಲ ಮೇಲ್ಮೈಯ ಆಕಾರ, ಅಂದರೆ ಉಳಿಯ ಗೀರು, ಅಕ್ಷರದ ತಲೆಕಟ್ಟು, ದೀರ್ಘದ ಕೊಂಬು, ಉಳಿದಿರುವುದು ಆ ಕಿಲುಬಿನ ಪದರದೊಳಗೇ. ಹುಳಿ ಅದನ್ನು ಕರಗಿಸಿದಾಗ ಹಲಗೆ ಹೊಳೆಯುತ್ತದೆ, ಅಕ್ಷರ ಹೋಗಿರುತ್ತದೆ. ಒಂದು ಅಂಕಿ ಅಳಿದರೆ ಶಕವರ್ಷ ಹೋಯಿತು, ಒಂದು ಅಕ್ಷರ ಅಳಿದರೆ ಊರಿನ ಹೆಸರು ಹೋಯಿತು. ಅದಕ್ಕೆ ಬೇರೆ ಪ್ರತಿ ಇಲ್ಲ.

ಎಲ್ಲ ಹಸಿರೂ ರಕ್ಷಕವಲ್ಲ ಎಂಬುದನ್ನೂ ಹೇಳಬೇಕು. ಉಪ್ಪಿನ ಅಂಶವಿರುವ ಮಣ್ಣಿನಲ್ಲಿ ಹೂತಿದ್ದ ತಾಮ್ರ, ಕಂಚುಗಳಲ್ಲಿ ಕ್ಲೋರೈಡು ಸೇರಿದ್ದರೆ, ತೇವ ಸಿಕ್ಕಾಗ ತಿಳಿಹಸಿರು ಪುಡಿ ಉದುರುತ್ತ ಲೋಹವನ್ನೇ ತಿನ್ನುತ್ತ ಹೋಗುತ್ತದೆ. ಇದಕ್ಕೆ ‘ಕಂಚಿನ ರೋಗ’ ಎಂದೇ ಹೆಸರು. ಇದರ ಚಿಕಿತ್ಸೆ ಪ್ರಯೋಗಾಲಯದ ಕೆಲಸ. ಅಲ್ಲಿ ಸೂಕ್ಷ್ಮದರ್ಶಕದಡಿ ಪದರ ಪದರವಾಗಿ ಕೆರೆದು, ಬೆಂಜೋಟ್ರೈಅಜೋಲ್‌ನಂಥ ರಾಸಾಯನಿಕದಿಂದ ಸವೆತವನ್ನು ತಡೆಯುತ್ತಾರೆ. ಮನೆಯಲ್ಲಿ ಮಾಡಬೇಕಾದುದು ಇಷ್ಟೆ: ಮುಟ್ಟದೆ, ಒಣಗಿದ ಬಟ್ಟೆಯಲ್ಲಿ ಸುತ್ತಿಟ್ಟು, ರಾಜ್ಯದ ಪುರಾತತ್ತ್ವ ಇಲಾಖೆಗೋ ಮೈಸೂರಿನಲ್ಲಿರುವ ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗಕ್ಕೋ ತಿಳಿಸುವುದು.

ಹಂಡೆ, ಕೊಡ, ಚೊಂಬುಗಳು ಬಳಕೆಯ ವಸ್ತುಗಳು. ಅವುಗಳ ಆಯುಸ್ಸು ಬಳಸುವ ಕೈಯಲ್ಲಿದೆ, ಅವನ್ನು ಧಾರಾಳವಾಗಿ ಬೆಳಗಬಹುದು. ಶಾಸನ ಓದುವ ವಸ್ತು. ಅದು ಮಾಸಿದ್ದಷ್ಟೂ ಹೊತ್ತು ಮಾತಾಡುತ್ತಿರುತ್ತದೆ.