ಆ ಮುಖವಾಡ ಯಾರ ಸ್ವತ್ತು?

1979ರ ಆಗಸ್ಟ್. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕೋರ್ಟ್ ಒಂದು ತಡೆಯಾಜ್ಞೆ ಕೊಡುತ್ತೆ. ಯಾರ ಮೇಲೆ? ಇನ್ನೇನು 65 ತುಂಬಲಿದ್ದ ಒಬ್ಬ ನಿವೃತ್ತ ನಟನ ಮೇಲೆ. ಆತ ಮಾಡಿದ ಅಪರಾಧವಾದರೂ ಏನು? ಯಾರ ದುಡ್ಡೂ ತಿಂದಿರಲಿಲ್ಲ, ಯಾರ ಮೇಲೂ ಕೈ ಮಾಡಿರಲಿಲ್ಲ. ಜನರ ಮುಂದೆ ಹೋಗುವಾಗ ಕಣ್ಣಿಗೆ ಒಂದು ಕಪ್ಪು ಮುಖವಾಡ ಕಟ್ಟಿಕೊಳ್ಳುತ್ತಿದ್ದ. ಅಷ್ಟೇ. ಇನ್ನು ಮೇಲೆ ಅದನ್ನು ಕಟ್ಟಿಕೊಂಡು ಹೊರಗೆ ಕಾಣಿಸಿಕೊಳ್ಳುವ ಹಾಗಿಲ್ಲ ಅಂತ ಆದೇಶ!

ಆತನ ಹೆಸರು ಕ್ಲೇಟನ್ ಮೂರ್. ನಿಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಬೇಜಾರು ಮಾಡ್ಕೋಬೇಡಿ. ಅಮೆರಿಕದವರಿಗೂ ಮೊದಲು ನೆನಪಾಗೋದು ಆತನ ಹೆಸರಲ್ಲ, ಆತ ಮಾಡಿದ ಪಾತ್ರದ ಹೆಸರು: ಲೋನ್ ರೇಂಜರ್. ತಲೆಗೆ ಬಿಳಿ ಟೋಪಿ, ಕಣ್ಣಿಗೆ ಮುಖವಾಡ, ಸಿಲ್ವರ್ ಅನ್ನೋ ಬಿಳಿ ಕುದುರೆ, ಬಂದೂಕಿನಲ್ಲಿ ಬೆಳ್ಳಿಯ ಗುಂಡು. ಪಕ್ಕದಲ್ಲಿ ಟಾಂಟೋ ಅನ್ನುವ ಮೂಲನಿವಾಸಿ ಗೆಳೆಯ. ಟೆಕ್ಸಾಸ್‌ನ ಆರು ಜನ ರೇಂಜರ್‌ಗಳನ್ನು ದರೋಡೆಕೋರರು ಅಡಗಿ ಕೂತು ಹೊಡೆಯುತ್ತಾರೆ. ಐವರು ಸಾಯುತ್ತಾರೆ, ಒಬ್ಬ ಮಾತ್ರ ಉಳಿಯುತ್ತಾನೆ. ಸತ್ತ ಅಣ್ಣನ ಅಂಗಿಯ ಮೇಲಿನ ಕೋಟಿನ ಬಟ್ಟೆ ಕತ್ತರಿಸಿ ಮುಖವಾಡ ಮಾಡಿಕೊಳ್ಳುತ್ತಾನೆ. ತಾನೂ ಸತ್ತೆ ಅಂತ ಲೋಕ ನಂಬಲಿ ಅಂತ ಆರನೆಯ ಸಮಾಧಿಯನ್ನೂ ತೋಡಿಸುತ್ತಾನೆ. ಇದು ಕಥೆ. ಮಕ್ಕಳಿಗೆ ಇನ್ನೇನು ಬೇಕು ಹೇಳಿ?

ಆದರೆ ಈ ಕಥೆ ಹುಟ್ಟಿದ್ದು ಟೀವಿಯಲ್ಲಿ ಅಲ್ಲ, ರೇಡಿಯೋದಲ್ಲಿ. 1933ರ ಜನವರಿಯಲ್ಲಿ, ಡೆಟ್ರಾಯಿಟ್‌ನ ಒಂದು ರೇಡಿಯೋ ಸ್ಟೇಷನ್‌ನಲ್ಲಿ. ಮಾಲೀಕ ಜಾರ್ಜ್ ಟ್ರೆಂಡಲ್. ಬರೆದು ಬರೆದು ಗುಡ್ಡೆ ಹಾಕಿದವನು ಫ್ರಾನ್ ಸ್ಟ್ರೈಕರ್. ಈ ನಾಯಕನಿಗೆ ಕಟ್ಟುಪಾಡುಗಳೂ ಇದ್ದವು. ಕುಡಿಯೋದಿಲ್ಲ, ಸೇದೋದಿಲ್ಲ. ತಪ್ಪಿಲ್ಲದ ಶುದ್ಧ ಇಂಗ್ಲಿಷೇ ಮಾತಾಡಬೇಕು. ಗುಂಡು ಹಾರಿಸಿದರೂ ಎದುರಾಳಿಯ ಕೈಯಿಂದ ಆಯುಧ ಬೀಳಿಸಲಿಕ್ಕೆ ಮಾತ್ರ, ಕೊಲ್ಲಲಿಕ್ಕಲ್ಲ. ಅದ್ಯಾವ ದರೋಡೆಕೋರ ಇಷ್ಟು ಸೌಜನ್ಯಕ್ಕೆ ಹೆದರುತ್ತಾನೋ ಗೊತ್ತಿಲ್ಲ, ಆದರೆ ಒಂದು ತಲೆಮಾರಿನ ಮಕ್ಕಳು ಇದನ್ನು ವೇದವಾಕ್ಯ ಅಂತ ತಗೊಂಡರು. ಸ್ಟ್ರೈಕರ್ ಮಾತ್ರ ಪಾತ್ರದ ಹಕ್ಕನ್ನು 1934ರಲ್ಲೇ ಟ್ರೆಂಡಲ್‌ಗೆ ಬರೆದುಕೊಟ್ಟುಬಿಟ್ಟಿದ್ದ. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಮೂರ್ ಕಡೆ ಬರೋಣ. ಹುಟ್ಟಿದ್ದು 1914ರ ಸೆಪ್ಟೆಂಬರ್ 14, ಷಿಕಾಗೋದಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಜ್ಯಾಕ್. ಹುಡುಗ ಸರ್ಕಸ್ಸಿನ ಉಯ್ಯಾಲೆ ಆಟಗಾರ. 1934ರ ಷಿಕಾಗೋ ವಿಶ್ವ ಮೇಳದಲ್ಲಿ ಆತನ ತಂಡದ ಪ್ರದರ್ಶನವಿತ್ತು. ಆಮೇಲೆ ಮಾಡೆಲಿಂಗು, ಆಮೇಲೆ ಹಾಲಿವುಡ್. ಅಲ್ಲಿ ಸಿಕ್ಕಿದ್ದು ಸಣ್ಣಪುಟ್ಟ ಪಾತ್ರ, ಸ್ಟಂಟ್ ಕೆಲಸ. ಮತ್ತೆ ಥಿಯೇಟರ್‌ಗಳಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸುತ್ತಿದ್ದರಲ್ಲ, ಆ ಧಾರಾವಾಹಿ ಸಿನಿಮಾಗಳು. ಮಹಾಯುದ್ಧದಲ್ಲಿ ಸೇನೆಯ ವಾಯುಪಡೆಯಲ್ಲಿ ಸೇವೆ. ವಾಪಸ್ ಬಂದು ಮತ್ತೆ ಅದೇ ಕಂತುಗಳು. 1949ರಲ್ಲಿ ‘ಗೋಸ್ಟ್ ಆಫ್ ಜೋರೋ’ ಅಂತ ಒಂದು ಬಂತು. ಅಲ್ಲೂ ಮುಖವಾಡ! ಅದು ಟ್ರೆಂಡಲ್ ಕಣ್ಣಿಗೆ ಬಿತ್ತು. ರೇಡಿಯೋದಲ್ಲಿ ಲೋನ್ ರೇಂಜರ್ ಆಗಿದ್ದ ಬ್ರೇಸ್ ಬೀಮರ್‌ನ ಕಂಠ ಜನರ ಕಿವಿಯಲ್ಲಿ ಕೂತುಬಿಟ್ಟಿತ್ತು. ಮೂರ್ ಆ ಕಂಠಕ್ಕೆ ಹೊಂದುವಂತೆ ತನ್ನ ದನಿಯನ್ನು ಕೆಳಗಿಳಿಸಿ ಅಭ್ಯಾಸ ಮಾಡಿದ. ಅಂದರೆ ನೋಡಿ, ಮುಖ ಮುಚ್ಚಿಕೊಂಡಿದ್ದಾಯಿತು, ದನಿಯೂ ಇನ್ನೊಬ್ಬನದಾಯಿತು. 1949ರ ಸೆಪ್ಟೆಂಬರ್ 15ಕ್ಕೆ ಎಬಿಸಿ ವಾಹಿನಿಯಲ್ಲಿ ಪ್ರಸಾರ ಶುರು. ಆಗಷ್ಟೇ ಅಂಬೆಗಾಲಿಡುತ್ತಿದ್ದ ಆ ವಾಹಿನಿಗೆ ಸಿಕ್ಕ ಮೊದಲ ದೊಡ್ಡ ಹಿಟ್ ಇದೇ.

ಎರಡು ಸೀಸನ್ ಆಯಿತು. ಆಗ ನಡೀತು ನೋಡಿ ಒಂದು ವಿಚಿತ್ರ. ಮೂರ್‌ನನ್ನು ತೆಗೆದು ಹಾಕಿದರು! ಸಂಬಳದ ಜಗಳ ಅಂತ ಬರೆದವರಿದ್ದಾರೆ. ಕಾರಣ ಏನೇ ಇರಲಿ, ಲೆಕ್ಕಾಚಾರ ಸರಳವಾಗಿತ್ತು: ಜನ ನೋಡೋದು ಮುಖವಾಡವನ್ನು, ಅದರ ಹಿಂದೆ ಯಾರಿದ್ದರೇನು? ಜಾನ್ ಹಾರ್ಟ್ ಅನ್ನುವ ಇನ್ನೊಬ್ಬ ನಟನಿಗೆ ಅದೇ ಟೋಪಿ ಹಾಕಿದರು, ಅದೇ ಮುಖವಾಡ ಕಟ್ಟಿದರು, ಅದೇ ಕುದುರೆ ಹತ್ತಿಸಿದರು. 52 ಕಂತು ತೆಗೆದರು. ಹಾರ್ಟ್ ಕೆಟ್ಟ ನಟನೇನಲ್ಲ. ಆದರೆ ಜನ ಒಪ್ಪಲಿಲ್ಲ. ಕಣ್ಣು ಮುಚ್ಚಿದ್ದರೂ ಕಂಡುಹಿಡಿದುಬಿಟ್ಟರು. ನಡಿಗೆ ಬೇರೆ, ಕುದುರೆ ಮೇಲೆ ಕೂರೋ ಠೀವಿ ಬೇರೆ, ದನಿ ಬೇರೆ. ಕೊನೆಗೆ ಮೂರ್‌ನನ್ನೇ ವಾಪಸ್ ಕರೆದರು. ಒಟ್ಟು 221 ಕಂತುಗಳಲ್ಲಿ 169 ಆತನವು.

ನನಗೆ ಈ ಕಥೆಯಲ್ಲಿ ಬಹಳ ಆಸಕ್ತಿ ಹುಟ್ಟಿದ್ದೇ ಇಲ್ಲಿ. ನಾನೂ ಮುಖ ತೋರಿಸಿ ಅನ್ನ ತಿನ್ನುವವನು. ಯಾವುದಾದರೂ ಮದುವೆ ಮನೆಗೆ ಹೋದರೆ ಜನ ನನ್ನ ಹೆಸರಿನ ಬದಲು ಕಾರ್ಯಕ್ರಮದ ಹೆಸರು ಹಿಡಿದು ಕರೀತಾರೆ. ಸಂತೋಷವೇ. ಆದರೆ ಆ ಹೆಸರು ನನ್ನದಲ್ಲ, ಹಿಂದೆ ಕಾಣೋ ಸೆಟ್ ನನ್ನದಲ್ಲ, ಶುರುವಿನಲ್ಲಿ ಬಡಿಯೋ ಮ್ಯೂಸಿಕ್ಕೂ ನನ್ನದಲ್ಲ. ಎಲ್ಲಾ ಚಾನೆಲ್‌ನ ಆಸ್ತಿ. ಸಹಿ ಹಾಕಿಕೊಟ್ಟಿದ್ದೇನೆ, ತಕರಾರಿಲ್ಲ. ಹಾಗಾದರೆ ನೋಡುಗರು ನಂಬೋದು ಯಾವುದನ್ನು?

1954ರಲ್ಲಿ ಟ್ರೆಂಡಲ್ ಲೋನ್ ರೇಂಜರ್‌ನ ಸಕಲ ಹಕ್ಕನ್ನೂ ಮಾರಿದ. ಬೆಲೆ 30 ಲಕ್ಷ ಡಾಲರ್. ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ. ಕೊಂಡವನು ಟೆಕ್ಸಾಸ್‌ನ ತೈಲದ ದುಡ್ಡಿನಿಂದ ಮೇಲೆ ಬಂದ ಜ್ಯಾಕ್ ರಾದರ್. ಡಿಸ್ನಿಲ್ಯಾಂಡ್ ಪಕ್ಕದ ಹೋಟೆಲ್ ಕಟ್ಟಿದ್ದೂ ಇವನೇ. ಕಥೆ ಬರೆದ ಸ್ಟ್ರೈಕರ್ ಆ ಹೊತ್ತಿಗೆ ಹಕ್ಕಿಲ್ಲದವನು, ಮುಖವಾಡ ಕಟ್ಟಿದ ಮೂರ್ ಸಂಬಳಕ್ಕೆ ದುಡಿಯುವವನು. ಕಾಗದ ಪತ್ರದ ಪ್ರಕಾರ ಲೋನ್ ರೇಂಜರ್ ಅಂದರೆ ರಾದರ್.

1957ಕ್ಕೆ ಧಾರಾವಾಹಿ ಮುಗೀತು. 1956 ಮತ್ತು 1958ರಲ್ಲಿ ಎರಡು ಸಿನಿಮಾ ಬಂದವು. ಅಲ್ಲಿಗೆ ಮೂರ್‌ನ ನಟನಾ ಜೀವನ ಹೆಚ್ಚುಕಡಿಮೆ ಮುಗಿದ ಹಾಗೇ. ಇನ್ನೂ 45 ದಾಟಿರಲಿಲ್ಲ. ಬೇರೆಯವರಾಗಿದ್ದರೆ ಈ ಪಾತ್ರ ನನ್ನ ಹೊಟ್ಟೆ ಮೇಲೆ ಹೊಡೀತು ಅಂತ ಗೋಳಾಡುತ್ತಿದ್ದರು. ಮೂರ್ ಉಲ್ಟಾ. ನಾನು ಇದೇ ಆಗಿರ್ತೀನಿ ಅಂತ ತೀರ್ಮಾನಿಸಿಬಿಟ್ಟ. ಜಾತ್ರೆ, ಮೇಳ, ಅಂಗಡಿ ಉದ್ಘಾಟನೆ, ಮಕ್ಕಳ ಆಸ್ಪತ್ರೆ, ಎಲ್ಲಿ ಕರೆದರೂ ಆ ವೇಷದಲ್ಲೇ ಹೋಗುತ್ತಿದ್ದ. ರೇಡಿಯೋ ಕಾಲದ ಆ ಕಟ್ಟುಪಾಡುಗಳನ್ನು ಸ್ವಂತ ಬದುಕಿನಲ್ಲೂ ಪಾಲಿಸಬೇಕು ಅಂತ ಹೊರಟಿದ್ದ. ಮಕ್ಕಳು ನೋಡ್ತಾರೆ, ಹಾಗಾಗಿ ಎಚ್ಚರ ಇರಬೇಕು ಅನ್ನೋದು ಆತನ ನಿಲುವು.

ಈ ಹೊತ್ತಿನದೊಂದು ಪ್ರಸಂಗ ಇದೆ. ಹೇಳಿದವನು ಜೇ ಥಾಮಸ್ ಅನ್ನುವ ನಟ. ಆಗ ಆತ ಷಾರ್ಲಟ್ ನಗರದಲ್ಲಿ ರೇಡಿಯೋ ಜಾಕಿ, ಉದ್ದ ಕೂದಲಿನ ಹಿಪ್ಪಿ ಹುಡುಗ. ಒಂದು ಕಾರ್ ಶೋರೂಮ್ ಕಾರ್ಯಕ್ರಮಕ್ಕೆ ಮೂರ್ ಬಂದಿದ್ದ. ಮುಗಿದ ಮೇಲೆ ಆತನನ್ನು ಕರೆದೊಯ್ಯಬೇಕಿದ್ದ ಗಾಡಿ ಬರಲೇ ಇಲ್ಲ. ನನ್ನ ಹಳೇ ಗಾಡಿಯಲ್ಲಿ ಬಿಡ್ತೀನಿ ಬನ್ನಿ ಅಂದ ಥಾಮಸ್. ಮುಖವಾಡ, ಟೋಪಿ, ಬಂದೂಕಿನ ಪಟ್ಟಿ ಸಮೇತ ಲೋನ್ ರೇಂಜರ್ ಹಿಂದಿನ ಸೀಟಿನಲ್ಲಿ ಕೂತ. ದಾರಿಯಲ್ಲಿ ಮುಂದಿದ್ದ ಕಾರಿನವನು ರಿವರ್ಸ್ ತಗೊಂಡು ಇವರ ಹೆಡ್‌ಲೈಟ್ ಒಡೆದು ಪರಾರಿ. ಥಾಮಸ್ ಅಟ್ಟಿಸಿಕೊಂಡು ಹೋಗಿ ಹಿಡಿದ. ಆ ಮನುಷ್ಯ ನಾನು ಒಡೆದೇ ಇಲ್ಲ ಅಂದ. ಪೊಲೀಸರನ್ನು ಕರೀತೀನಿ ಅಂದರೆ, ನಿಮ್ಮಂಥ ಹಿಪ್ಪಿಗಳ ಮಾತು ಯಾರು ನಂಬ್ತಾರೆ ಅಂತ ನಕ್ಕ. ಆಗ ಹಿಂದಿನ ಬಾಗಿಲು ತೆರೆಯಿತು. ಪೂರ್ತಿ ವೇಷದಲ್ಲಿ ಇಳಿದ ಮೂರ್ ಅದೇ ಗಂಭೀರ ದನಿಯಲ್ಲಿ, ನನ್ನ ಮಾತು ನಂಬ್ತಾರೆ ಅಂದ. ಒಡೆದವನ ಬಾಯಿ ಕಟ್ಟಿಹೋಯಿತು. ಡೇವಿಡ್ ಲೆಟರ್‌ಮನ್ ತನ್ನ ಟೀವಿ ಶೋನಲ್ಲಿ ವರ್ಷ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಥಾಮಸ್‌ನನ್ನು ಕರೆಸಿ ಇದೇ ಕಥೆ ಹೇಳಿಸುತ್ತಿದ್ದ. ಕೇಳಿದವರೇ ಮತ್ತೆ ಕೇಳಿ ನಗುತ್ತಿದ್ದರು.

ಇಂಥ ಮನುಷ್ಯನ ಮುಖವಾಡಕ್ಕೆ ಕೋರ್ಟ್ ಕೈ ಹಾಕಿದ್ದು ಯಾಕೆ? ರಾದರ್ ಕಂಪನಿ ಹೊಸ ಸಿನಿಮಾ ತೆಗೆಯಲು ಹೊರಟಿತ್ತು. ಹೊಸ ಹುಡುಗ, ದೊಡ್ಡ ಬಜೆಟ್. ಊರೂರಿನಲ್ಲಿ 65ರ ಲೋನ್ ರೇಂಜರ್ ಓಡಾಡಿಕೊಂಡಿದ್ದರೆ ಸಿನಿಮಾದಲ್ಲೂ ಈ ಅಜ್ಜನೇ ಇರ್ತಾನೆ ಅಂತ ಜನ ಅಂದುಕೊಂಡಾರು ಅನ್ನೋ ಭಯ. ಕಾನೂನು ನೋಡಿದರೆ ಕಂಪನಿಯ ವಾದವನ್ನು ತಳ್ಳಿಹಾಕುವ ಹಾಗಿರಲಿಲ್ಲ. ದುಡ್ಡು ಕೊಟ್ಟು ಕೊಂಡಿದ್ದಾರೆ, ಪಾತ್ರ ಅವರದು. ಆದರೆ 20 ವರ್ಷ ಆ ಪಾತ್ರವನ್ನು ಜನರ ನೆನಪಿನಲ್ಲಿ ಜೀವಂತವಾಗಿಟ್ಟವನು ಯಾರು ಸ್ವಾಮಿ? ಬೇಲಿ ಹಾಕಿದ್ದು ಒಬ್ಬ, ನೀರು ಹೊಯ್ದದ್ದು ಇನ್ನೊಬ್ಬ. ಅದೇ 1979ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಇಂಥದ್ದೇ ಇನ್ನೊಂದು ಕೇಸಿನಲ್ಲಿ ತೀರ್ಪು ಕೊಟ್ಟಿತು. ಡ್ರಾಕುಲಾ ಪಾತ್ರ ಮಾಡಿದ್ದ ಬೆಲಾ ಲುಗೋಸಿಯ ಮುಖವನ್ನು ಯೂನಿವರ್ಸಲ್ ಕಂಪನಿ ಆಟಿಕೆ, ಅಂಗಿಗಳ ಮೇಲೆಲ್ಲ ಹಾಕಿಸಿ ಮಾರಾಟದ ಪರವಾನಗಿ ಕೊಟ್ಟಿತ್ತು. ಆತನ ಹೆಂಡತಿ, ಮಗ ಕೋರ್ಟಿಗೆ ಹೋಗಿದ್ದರು. ಸತ್ತವನ ಮುಖದ ಮೇಲಿನ ಹಕ್ಕು ವಾರಸುದಾರರಿಗೆ ಇಳಿದು ಬರೋದಿಲ್ಲ ಅಂತು ಕೋರ್ಟ್. ನಟನಿಗೆ ಕಾಲ ಚೆನ್ನಾಗಿರಲಿಲ್ಲ.

ಮೂರ್ ಮನೆಯಲ್ಲಿ ಕೂರಲಿಲ್ಲ. ಪ್ರತಿದಾವೆ ಹಾಕಿದ. ಮುಖವಾಡ ತಾನೇ ಬೇಡ ಅಂದಿದ್ದು? ಹೆಚ್ಚುಕಡಿಮೆ ಅದೇ ಆಕಾರ ಕಾಣುವ, ಕಣ್ಣನ್ನು ಸುತ್ತುವರಿಯುವ ಕಪ್ಪು ಕನ್ನಡಕ ಹಾಕಿಕೊಂಡು ಕಾರ್ಯಕ್ರಮಗಳಿಗೆ ಹೊರಟ! ಕೋರ್ಟಿನ ಆದೇಶವೂ ಮುರಿಯಲಿಲ್ಲ, ನೋಡಿದವರಿಗೆ ಸಂಶಯವೂ ಉಳಿಯಲಿಲ್ಲ. ದೇಶದ ತುಂಬ ಜನ ಆತನ ಪರ ನಿಂತರು. ಅಷ್ಟರಲ್ಲಿ 1980ರ ಮಾರ್ಚ್‌ನಲ್ಲಿ ಟಾಂಟೋ ಪಾತ್ರದ ಜೇ ಸಿಲ್ವರ್‌ಹೀಲ್ಸ್ ತೀರಿಕೊಂಡ. ಇವನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಕೆನಡಾದ ಒಂಟಾರಿಯೋದಲ್ಲಿ ಹುಟ್ಟಿದ ಮೊಹಾಕ್ ಜನಾಂಗದವನು, ಲಕ್ರಾಸ್ ಆಟದಲ್ಲಿ ಹೆಸರು ಮಾಡಿದವನು. ಸಲೀಸಾಗಿ ಇಂಗ್ಲಿಷ್ ಮಾತಾಡಬಲ್ಲ ಇವನ ಬಾಯಲ್ಲಿ ಕಂತು ಕಂತಿಗೂ ಮುರುಕು ಇಂಗ್ಲಿಷ್ ಆಡಿಸಿದರು. ನಾಯಕನಿಗೆ ಶುದ್ಧ ಭಾಷೆಯ ನಿಯಮ, ಪಕ್ಕದವನಿಗೆ ಇದು! ಮೂರ್‌ನ ಮುಖವಾಡ ಸಂಜೆಗೆ ಬಿಚ್ಚಿಡಬಹುದಿತ್ತು, ಸಿಲ್ವರ್‌ಹೀಲ್ಸ್‌ಗೆ ತೊಡಿಸಿದ್ದನ್ನು ಬಿಚ್ಚೋದು ಅಷ್ಟು ಸುಲಭ ಇರಲಿಲ್ಲ. ಆತ ಸುಮ್ಮನಿರಲಿಲ್ಲ, ಮೂಲನಿವಾಸಿ ನಟರಿಗಾಗಿ ಲಾಸ್ ಏಂಜಲೀಸ್‌ನಲ್ಲಿ ತರಬೇತಿ ಶಾಲೆಯನ್ನೇ ಕಟ್ಟಿದ. ಹಾಲಿವುಡ್‌ನ ‘ವಾಕ್ ಆಫ್ ಫೇಮ್’ನಲ್ಲಿ ಸಾಯುವ ಮುನ್ನಾ ವರ್ಷ ಆತನಿಗೆ ನಕ್ಷತ್ರ ಸಿಕ್ಕಿತ್ತು.

1981ರಲ್ಲಿ ರಾದರ್ ಸಿನಿಮಾ ಬಿಡುಗಡೆ ಆಯಿತು. ನಾಯಕ ಕ್ಲಿಂಟನ್ ಸ್ಪಿಲ್ಸ್‌ಬರಿ, ಮೊದಲ ಸಿನಿಮಾ. ಅವನ ದನಿ ಸರಿಹೋಗಲಿಲ್ಲ ಅಂತ ಪೂರ್ತಿ ಸಿನಿಮಾಕ್ಕೆ ಜೇಮ್ಸ್ ಕೀಚ್ ಅನ್ನುವ ಬೇರೆ ನಟನ ಕೈಲಿ ಡಬ್ ಮಾಡಿಸಿದರು! ಮುಖ ಒಬ್ಬನದು, ದನಿ ಒಬ್ಬನದು, ಪಾತ್ರ ಕಂಪನಿಯದು. ಸಿನಿಮಾ ನೆಲ ಕಚ್ಚಿತು. ಕೆಟ್ಟ ಸಿನಿಮಾಗಳಿಗೆ ಕೊಡುವ ರಾಜ್ಜಿ ಪ್ರಶಸ್ತಿಯಲ್ಲಿ ಆ ವರ್ಷದ ಅತಿ ಕೆಟ್ಟ ನಟ ಸ್ಪಿಲ್ಸ್‌ಬರಿ. ಪಾಪ, ಆ ಹುಡುಗ ಮತ್ತೊಂದು ಸಿನಿಮಾ ಮಾಡಲಿಲ್ಲ. ತಡೆಯಾಜ್ಞೆಯ ಸಿಟ್ಟೆಲ್ಲ ಅವನ ತಲೆ ಮೇಲೆ ಬಿತ್ತು ಅಂತಲೇ ನನ್ನ ಅಭಿಪ್ರಾಯ. 1952ರಲ್ಲಿ ಮಾಡಿದ ತಪ್ಪನ್ನೇ, ಕೋರ್ಟಿನ ಮೊಹರು ಹಾಕಿಸಿ ಇನ್ನೊಮ್ಮೆ ಮಾಡಿದ್ದರು.

1984ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಜ್ಯಾಕ್ ರಾದರ್ ತೀರಿಕೊಂಡ. 70 ತುಂಬಿದ್ದ ಮೂರ್ ಕನ್ನಡಕ ಪಕ್ಕಕ್ಕಿಟ್ಟು ಮತ್ತೆ ಮುಖವಾಡ ಕಟ್ಟಿಕೊಂಡು ಜನರ ಮಧ್ಯೆ ಹೋದ. 1987ರಲ್ಲಿ ಆತನಿಗೂ ಹಾಲಿವುಡ್‌ನ ನಕ್ಷತ್ರ ಬಂತು. ಅಲ್ಲಿ ನಟರ ಹೆಸರು ಮಾತ್ರ ಕೆತ್ತುವುದು ವಾಡಿಕೆ. ಈತನ ಕಲ್ಲಿನ ಮೇಲೆ ಎರಡೂ ಇವೆ, ಕ್ಲೇಟನ್ ಮೂರ್, ಲೋನ್ ರೇಂಜರ್. 1996ರಲ್ಲಿ ಆತ್ಮಕಥೆ ಬರೆದ. 1999ರ ಡಿಸೆಂಬರ್ 28ರಂದು, 85ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ಹೋದ. ಆತ ಕಟ್ಟಿಕೊಳ್ಳುತ್ತಿದ್ದ ಮುಖವಾಡ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಪಾತ್ರದ ಹಕ್ಕು ಮಾತ್ರ ಆಮೇಲೂ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. 2013ರಲ್ಲಿ ಡಿಸ್ನಿ ಕಂಪನಿ ಜಾನಿ ಡೆಪ್‌ನನ್ನು ಟಾಂಟೋ ಮಾಡಿ ನೀರಿನಂತೆ ದುಡ್ಡು ಸುರಿದು ಮತ್ತೊಂದು ಲೋನ್ ರೇಂಜರ್ ತೆಗೆಯಿತು. ಅದೂ ಓಡಲಿಲ್ಲ.