ಪ್ರಜಾಪ್ರತಿನಿಧಿ ಸಭೆಯ ಪಾಠ

ಸಮಾಜ ವಿಜ್ಞಾನದ ಪುಸ್ತಕ ಒಂದೇ ಆದರೂ ಅದರೊಳಗೆ ಚರಿತ್ರೆಗೊಂದು ಮನೆ, ಪೌರನೀತಿಗೊಂದು ಮನೆ. ಮೊದಲನೆಯದರಲ್ಲಿ ರಾಜರು ಪಟ್ಟವೇರುತ್ತಾರೆ, ಕಾದುತ್ತಾರೆ, ಸಾಯುತ್ತಾರೆ. ಎರಡನೆಯದರಲ್ಲಿ ಶಾಸನಸಭೆಯ ಅಧಿಕಾರಗಳು ಒಂದು, ಎರಡು, ಮೂರು ಎಂದು ಸಾಲಾಗಿ ನಿಂತಿರುತ್ತವೆ, ಆಕಾಶದಿಂದ ಇಳಿದುಬಂದಂತೆ. ಇವೆರಡನ್ನೂ ಹಲವು ವರ್ಷ ಕಲಿಸಿದ ನನಗೆ, ನಡುಗೋಡೆಯನ್ನು ಒಡೆಯಲು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗಿಂತ ಒಳ್ಳೆಯ ಹಾರೆ ಸಿಕ್ಕಿಲ್ಲ.

1881ರ ಮಾರ್ಚ್ ತಿಂಗಳಲ್ಲಿ ಐವತ್ತು ವರ್ಷದ ಇಂಗ್ಲಿಷರ ಆಡಳಿತ ಮುಗಿದು ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಅವರು 144 ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ, ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ಅವರೆದುರು ಇಟ್ಟರು. ಪಠ್ಯಪುಸ್ತಕ ಸಾಮಾನ್ಯವಾಗಿ ಇಷ್ಟಕ್ಕೆ ನಿಲ್ಲುತ್ತದೆ. ನಾನು ಕರಿಹಲಗೆಯ ಮೇಲೆ ಇನ್ನೆರಡು ಅಂಕಿಗಳನ್ನು ಬರೆಯುತ್ತಿದ್ದೆ. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412; 1881ರಲ್ಲಿ 41,86,188. ನಡುವೆ 1876-78ರ ಘೋರ ಕ್ಷಾಮ. ಸಭೆಗೆ ಬಂದು ಕುಳಿತ ರೈತರು ಅದನ್ನು ಕಣ್ಣಾರೆ ಕಂಡವರು ಎಂದೊಡನೆ, ಗದ್ದಲದ ತರಗತಿಯೂ ಸುಮ್ಮನಾಗುತ್ತಿತ್ತು.

“ಅವರು ಬೇಡವೆಂದರೆ ದಿವಾನರು ಕೇಳಲೇಬೇಕಿತ್ತೇ, ಸಾರ್?” ಎಂದು ಒಮ್ಮೆ ಒಬ್ಬ ಹುಡುಗಿ ಕೇಳಿದಳು. ಇಲ್ಲ. ಅಹವಾಲು ಹೇಳಬಹುದಿತ್ತು, ತಡೆಯುವ ಅಧಿಕಾರವಿರಲಿಲ್ಲ. ಅವರನ್ನು ಆರಿಸಿದವರೂ ಜನರಲ್ಲ. “ಹಾಗಾದರೆ ಕರೆದದ್ದೇಕೆ?”

ಪೌರನೀತಿ ಶುರುವಾಗುವುದು ಇಲ್ಲಿ. ಲೆಕ್ಕ ಒಪ್ಪಿಸುವ ರೂಢಿ ಒಮ್ಮೆ ಬಿದ್ದರೆ ಆಳುವವರಿಗೆ ಅದರಿಂದ ಬಿಡಿಸಿಕೊಳ್ಳುವುದು ಸುಲಭವಲ್ಲ. 1891ರಲ್ಲಿ ಚುನಾವಣೆ ಬಂತು. ಅದೂ ಆಸ್ತಿ, ಓದು ಉಳ್ಳವರಿಗೆ. 1907ರಲ್ಲಿ ನ್ಯಾಯವಿಧಾಯಕ ಸಭೆ. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ, ಹೊಸ ತೆರಿಗೆಗೆ ಮುನ್ನ ಅದರ ಅಭಿಪ್ರಾಯ ಕೇಳಬೇಕೆಂಬ ನಿಯಮ, ಸ್ತ್ರೀಯರಿಗೆ ಮತದ ದಾರಿ. ಇದನ್ನೆಲ್ಲ ಅರಮನೆಯ ಔದಾರ್ಯವೆಂದು ಹೊಗಳಿ ಮುಗಿಸುವ ಉಪಾಧ್ಯಾಯರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು 1947ರಲ್ಲಿ ಇದೇ ಮೈಸೂರಿನ ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿಯಬೇಕಾಯಿತಲ್ಲ! ಆ ಎರಡು ವರ್ಷಗಳನ್ನೂ ಒಂದೇ ಹಲಗೆಯ ಮೇಲೆ ಬರೆಯಬೇಕು.

1881ರಲ್ಲಿ ನಿಮ್ಮ ತಾಲ್ಲೂಕಿನಿಂದ ಹೋದ ರೈತ ನೀವೇ ಎಂದು ತಿಳಿದು ಒಂದು ಅಹವಾಲು ಬರೆಯಿರಿ ಎನ್ನುತ್ತಿದ್ದೆ. ಪೇಟೆಯ ಮಕ್ಕಳೂ ಕೆರೆಯ ಹೂಳಿನ ಬಗ್ಗೆಯೇ ಬರೆಯುತ್ತಿದ್ದರು. ಅದಕ್ಕೆ ಅಂಕವಿರಲಿಲ್ಲ, ಪರೀಕ್ಷೆಯಲ್ಲಿ ಕೇಳುತ್ತಿದ್ದುದು ಸಭೆ ಸ್ಥಾಪನೆಯಾದ ವರ್ಷವನ್ನು.