ದಹಿಸರ್ ನದಿಯ ನೀರು: ಅಳತೆಯ ಚರಿತ್ರೆಗೆ ಒಂದು ಪೀಠಿಕೆ

ಮುಂಬಯಿಯ ಉತ್ತರದ ಅಂಚಿನಲ್ಲಿರುವ ದಹಿಸರ್, ಹೊರನಾಡ ಕನ್ನಡಿಗರು ನೆಲೆಸಿರುವ ಉಪನಗರಗಳಲ್ಲೊಂದು. ಅದೇ ಹೆಸರಿನ ನದಿಯು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ತುಳಸಿ ಸರೋವರದ ಬಳಿ ಹುಟ್ಟಿ, ಸುಮಾರು 12 ಕಿ.ಮೀ. ಹರಿದು, ಮನೋರಿ ಖಾಡಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿ ಮಲಿನವಾಗಿದೆ ಎಂಬ ಬಗ್ಗೆ ವಿವಾದವಿಲ್ಲ. ಎಲ್ಲಿ, ಯಾವಾಗ, ಯಾವುದರಿಂದ ಮಲಿನವಾಯಿತು ಎಂಬುದನ್ನು ತಿಳಿಯಲು ಅಳತೆಯ ಅಂಕಿಗಳನ್ನು ಹೇಗೆ ಓದಬೇಕೆಂಬುದು ನಮ್ಮ ಪ್ರಸ್ತುತ ಪ್ರಶ್ನೆ.

ಇದೇ ಅರಣ್ಯದ ಕನ್ಹೇರಿ ಗುಹೆಗಳು ಕನ್ನಡ ವಿದ್ವಾಂಸರಿಗೆ ಪರಿಚಿತವಾದವು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಅವನ ಸಾಮಂತರಾದ ಶಿಲಾಹಾರರ ಆಳ್ವಿಕೆಯನ್ನು ಸೂಚಿಸುವ ಶಾಸನಗಳು ಅಲ್ಲಿವೆ. ಅದಕ್ಕೂ ಹಿಂದಿನ ಪ್ರಾಕೃತ ಶಾಸನಗಳು ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳ ದಾನವನ್ನು 'ಪೋಢಿ' ಎಂಬ ಪದದಿಂದ ದಾಖಲಿಸುತ್ತವೆ. ಈ ಬೆಟ್ಟಗಳ ನೀರಿಗೆ ಲಿಖಿತ ಚರಿತ್ರೆ ಹೀಗೆ ಬಹು ಹಿಂದೆಯೇ ಆರಂಭವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಗರವು ಈ ನೀರಿಗೆ ಕೈಚಾಚಿತು. 1860ರಲ್ಲಿ ವಿಹಾರ ಸರೋವರವೂ 1879ರಲ್ಲಿ ತುಳಸಿ ಸರೋವರವೂ ಪೂರ್ಣಗೊಂಡವು. ಮೇಲಿನ ನೀರು ಕುಡಿಯುವ ನೀರಾಗಿ ಕಾವಲಿಗೆ ಒಳಪಟ್ಟಿತು. ಕೆಳಗೆ ಹರಿದ ನದಿ ಕಾಲಕ್ರಮದಲ್ಲಿ ವಸತಿಗಳ ಕೊಳಚೆಯನ್ನೂ ದನದ ತಬೇಲಗಳ ಸಗಣಿಯನ್ನೂ ಹೊರುವ ಕಾಲುವೆಯಾಯಿತು. ಜಲಮಾಲಿನ್ಯ ತಡೆಗೆ ಮಹಾರಾಷ್ಟ್ರವು 1969ರಲ್ಲೇ ಕಾಯಿದೆ ಮಾಡಿತ್ತು; 1974ರ ಕೇಂದ್ರ ಕಾಯಿದೆಯನ್ನು 1981ರಲ್ಲಿ ಅಂಗೀಕರಿಸಿತು. ಆದರೂ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಬಳಿಕ ಈ ನದಿಗಳ ಕುರಿತ ಚರ್ಚೆ ಹೆಚ್ಚಾಗಿ ನೆರೆಯ ಸುತ್ತಲೇ ನಡೆಯಿತು.

ನೀರಿನ ಗುಣವನ್ನು ಅಳೆಯುವಾಗ ಸ್ಥಳ ಮತ್ತು ಕಾಲ ನಿರ್ಣಾಯಕವಾದವು. ಹೋಲಿಕೆಗೆ ಭದ್ರಾ ನದಿಯ ಉಗಮಪ್ರದೇಶವಾದ ಕುದುರೆಮುಖವನ್ನು ನೋಡಬಹುದು. ಅಲ್ಲಿನ ಕಬ್ಬಿಣದ ಅದಿರಿನ ಕಂಪೆನಿ 1976ರಲ್ಲಿ ಸ್ಥಾಪನೆಯಾಯಿತು; ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಲ್ಲಿನ ಮುಖ್ಯ ಆತಂಕ ಹೂಳು. ಹೂಳಿನ ಬಹುಪಾಲು ಕೆಲವೇ ಭಾರೀ ಮಳೆಯ ದಿನಗಳಲ್ಲಿ ಸಾಗುವುದರಿಂದ, ಬೇಸಿಗೆಯ ಮಾದರಿ ಭದ್ರೆಯನ್ನು ನಿರ್ಮಲವೆಂದು ತೋರಿಸಿಬಿಡಬಹುದು. ಕಲ್ಲಿದ್ದಲ ಗಣಿಗಳ ಬಳಿ ಸ್ಥಿತಿ ಬೇರೆ: ಗಂಧಕಯುಕ್ತ ಖನಿಜ ಗಾಳಿ-ನೀರಿನ ಸಂಪರ್ಕಕ್ಕೆ ಬಂದು ಆಮ್ಲವಾಗಿ, ಗಣಿ ಮುಚ್ಚಿದ ಮೇಲೂ ಒರತೆಗಳಲ್ಲಿ ಜಿನುಗುತ್ತಿರಬಹುದು. ಅಲ್ಲಿ ಆಮ್ಲೀಯತೆ, ಕಬ್ಬಿಣ, ಸಲ್ಫೇಟುಗಳನ್ನು ವರ್ಷಾನುಗಟ್ಟಲೆ ಅಳೆಯಬೇಕಾಗುತ್ತದೆ.

ದಹಿಸರಿನಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಇಲ್ಲಿ ಮಳೆಗಾಲದ ಪ್ರವಾಹ ಕೊಳಚೆಯನ್ನು ತೆಳುವಾಗಿಸುತ್ತದೆ. ಬೇಸಿಗೆಯಲ್ಲಿ ಕೊಳಚೆಯೇ ಹರಿವಿನ ಮುಖ್ಯ ಭಾಗವಾಗುತ್ತದೆ. ಕೆಳಪಾತ್ರದಲ್ಲಿ ಭರತದ ವೇಳೆ ನುಗ್ಗುವ ಖಾಡಿಯ ನೀರು ಮಾದರಿಯನ್ನು ಇನ್ನಷ್ಟು ಬದಲಿಸುತ್ತದೆ. ಸ್ನಾನಯೋಗ್ಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿ.ಗ್ರಾಂ. ಇರಬೇಕು, ಜೈವಿಕ ಆಮ್ಲಜನಕದ ಬೇಡಿಕೆ 3 ಮಿ.ಗ್ರಾಂ. ಮೀರಬಾರದು. ಇಳಿತದ ಹೊತ್ತಿಗೆ ಮೀರಿದ ಮಿತಿ ಭರತದ ಹೊತ್ತಿಗೆ ಮೀರದಂತೆ ಕಾಣಬಹುದು. ಅರಣ್ಯದ ಅಂಚಿನಲ್ಲೊಂದು, ವಸತಿಗಳ ನಡುವೆ ಕೆಲವು, ಖಾಡಿಯ ಮೇಲ್ಗಡೆ ಒಂದು ಎಂದು ಮಾದರಿಗಳನ್ನು ತೆಗೆದಾಗ ಮಾತ್ರ ಹೊಣೆಯ ಜಾಗ ಗೊತ್ತಾಗುತ್ತದೆ.

ಆದುದರಿಂದ ನೀರಿನ ಅಂಕಿಯನ್ನು ಶಾಸನದಂತೆಯೇ ಓದಬೇಕೆಂಬುದು ನಮ್ಮ ಅಭಿಪ್ರಾಯ. ಸಿಕ್ಕ ಸ್ಥಳ ತಿಳಿಯದ, ಕಾಲ ನಮೂದಿಸದ ಶಾಸನವನ್ನು ಚರಿತ್ರಕಾರರು ಪರೀಕ್ಷಿಸದೆ ಒಪ್ಪುವುದಿಲ್ಲ. ತಿಂಗಳು, ಭರತ-ಇಳಿತದ ಹೊತ್ತು, ದಡದ ಗುರುತು ಇಲ್ಲದ ಅಂಕಿಗೂ ಅದೇ ನಿಯಮ ಸಲ್ಲಬೇಕು. ನದಿಯ ಪುನಶ್ಚೇತನ ಸಫಲವಾಯಿತೇ ಎಂಬುದನ್ನು ಮುಂದಿನವರು ಈ ಅಂಕಿಗಳಿಂದಲೇ ನಿರ್ಣಯಿಸಬೇಕಾಗುತ್ತದೆ. ಮೊದಲ ದಾಖಲೆಯೇ ಅಸ್ಪಷ್ಟವಾದರೆ ಕೆಡಿಸಿದವರೂ ಸರಿಪಡಿಸಿದವರೂ ಅದರಲ್ಲಿ ಒಂದೇ ಆಗಿ ಕಾಣುವರು.